ಮೈನಸ್ ಹದಿನೆಂಟರಲ್ಲಿ ಒಂದು ಕಟ್ಟೆ

ಒಮಾನಿನ ಸೊಹಾರಿನಲ್ಲಿ ಜೂನ್ ತಿಂಗಳ ಮಟಮಟ ಮಧ್ಯಾಹ್ನ ಕೂತು ಹಿಮದ ಬಗ್ಗೆ ಮಾತಾಡುವ ಗಂಡಸಿಗೆ ತಲೆ ಕೆಟ್ಟಿರಬೇಕು, ಇಲ್ಲವೇ ಅವನ ಹೆಂಡತಿಗೆ ಕೆನಡಾದ ವೀಸಾ ಬಂದಿರಬೇಕು. ಸುಭಾಸನ ವಿಷಯದಲ್ಲಿ ಎರಡೂ ಒಟ್ಟಿಗೇ ಆಗಿದೆ ಎಂಬುದು ತ್ರಿವೇಣಿಯ ಅಭಿಪ್ರಾಯವಾಗಿತ್ತು.

ವೀಸಾ ಬಂದದ್ದು ಅವಳ ಹೆಸರಿಗೆ. ಬಂದರಿನ ಹತ್ತಿರದ ಲ್ಯಾಬೊಂದರಲ್ಲಿ ಕಾರ್ಖಾನೆಗಳ ನೀರು ಪರೀಕ್ಷಿಸುವುದು ಅವಳ ಕೆಲಸ. ಒಲೆಯ ಮುಂದೆ ನಿಂತು ಇಂಗ್ಲಿಷ್ ಪರೀಕ್ಷೆಗೆ ಓದಿ, ಮನೆಯವರಿಗೆಲ್ಲ ಸೀದ ಪಲ್ಯ ತಿನ್ನಿಸಿ, ಅಂತೂ ಅಂಕ ಗಿಟ್ಟಿಸಿದ್ದಳು. ವಿನ್ನಿಪೆಗ್‌ನಲ್ಲಿ ಅವಳ ಅಕ್ಕ ಸುವರ್ಣಾ ಇದ್ದಳು. ಅಲ್ಲಿಯ ನೀರಿನ ಲ್ಯಾಬೊಂದು ತ್ರಿವೇಣಿಗೆ ಕೆಲಸ ಕೊಡಲು ಒಪ್ಪಿತ್ತು. ಗಂಡ ಸುಭಾಸ ಮತ್ತು ಮಗಳು ಖುಷಿ ಅವಳ ಸೆರಗು ಹಿಡಿದು ಹೋಗುವವರು. ಅತ್ತೆ ಗಂಗವ್ವನಿಗೂ ವಿಸಿಟ್ ವೀಸಾ ಸಿಕ್ಕಿತ್ತು. ಅಕ್ಟೋಬರ್ ಮುಗಿಯುವುದರೊಳಗೆ ಆ ನೆಲದ ಮೇಲೆ ಕಾಲಿಡದಿದ್ದರೆ ತ್ರಿವೇಣಿಯ ವೀಸಾ ರದ್ದು, ಅದರೊಂದಿಗೆ ಎಲ್ಲರದೂ ರದ್ದು. ಸುವರ್ಣಾಳ ಬೀದಿಯಲ್ಲಿಯೇ ಇವರಿಗಾಗಿ ಒಂದು ಮನೆ ಅರ್ಧ ಎದ್ದು ನಿಂತಿತ್ತು. ಮನೆ ಕಟ್ಟುವವನು ಇವರನ್ನು ಕೇಳಿದ್ದು ಒಂದೇ ಪ್ರಶ್ನೆ: ಮುಂದಿನ ಡೆಕ್‌ಗೆ ಯಾವ ಮರ ಹಾಕಲಿ?

ಬಾಗಿಲ ಮುಂದಿನ ಮರದ ಜಗಲಿಗೆ ಡೆಕ್ ಎನ್ನುವುದು ಅವನ ಮಾತು. ಗಂಗವ್ವನ ಬಾಯಲ್ಲಿ ಅದು ಕಟ್ಟಿ.

"ಮನಿ ಮುಂದ ಕಟ್ಟಿ ಇತ್ತಂದ್ರ ಬರ್ತೀನಿ," ಎಂದು ವೀಸಾ ಬಂದ ದಿನವೇ ಗಂಗವ್ವ ಹೇಳಿಬಿಟ್ಟಿದ್ದಳು. "ಕಟ್ಟಿ ಇಲ್ಲದ ಮನಿ ಅಂದ್ರ ಬಾಯಿ ಇಲ್ಲದ ಮುಖ ಇದ್ದಂಗ. ಹಂತಾ ಮನ್ಯಾಗ ನಾ ಇರಂಗಿಲ್ಲ."

ಗುಳೇದಗುಡ್ಡದಲ್ಲಿ ಗಂಗವ್ವನ ಅರ್ಧ ಆಯುಷ್ಯ ಕಳೆದದ್ದು ಮನೆ ಮುಂದಿನ ಕಲ್ಲುಕಟ್ಟೆಯ ಮೇಲೆ. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಸೊಹಾರಿಗೆ ಬಂದವಳು, ಬಂದ ವಾರದಲ್ಲೇ ಬಾಡಿಗೆ ಮನೆಯ ಹೊರಮೆಟ್ಟಿಲನ್ನು ಕಟ್ಟೆಯಾಗಿ ಮಾಡಿಕೊಂಡಳು. ಬಿಸಿಲು ಇಳಿದ ಮೇಲೆ ಅಲ್ಲಿ ಕೂತರೆ ಎದುರಿನ ಕಿರಾಣಿ ಅಂಗಡಿಯ ಕುಂಞಾಲಿ ಅವಳ ಪಾಲಿಗೆ ಪೇಪರು, ರೇಡಿಯೋ ಎರಡೂ. ಅವನಿಗೆ ಕನ್ನಡ ಬಾರದು, ಅವಳಿಗೆ ಮಲಯಾಳ ಬಾರದು. ಆದರೂ ಅವನ ತಂಗಿಯ ಗಂಡ ಎಂಥ ಸೋಮಾರಿ ಎಂಬುದು ಗಂಗವ್ವನಿಗೆ ವಿವರವಾಗಿ ಗೊತ್ತಿತ್ತು.

ವಿನ್ನಿಪೆಗ್‌ನಲ್ಲಿ ಕಲ್ಲು, ಸಿಮೆಂಟು ನಡೆಯುವುದಿಲ್ಲ ಎಂದು ಸುವರ್ಣಾ ಫೋನಿನಲ್ಲಿ ಹೇಳಿದ್ದಳು. ಚಳಿಯಲ್ಲಿ ಅದರ ಮೇಲೆ ಕೂತರೆ ಎದ್ದಮೇಲೂ ಕೂತಂತೆಯೇ ಇರುತ್ತದಂತೆ. ಅಲ್ಲೇ ಸಿಗುವ ಮೆದು ಮರವೂ ಬೇಡ. ಅವಳ ಮನೆಯದು ಕೆಲವೇ ಚಳಿಗಾಲದಲ್ಲಿ ಹಿಮದ ನೀರು ಕುಡಿದು ಕೊಳೆತು, ಅಂಚೆಯವನ ಕಾಲು ಒಳಗೆ ಹೋಗಿತ್ತು. ಅಂದರೆ ಗಟ್ಟಿ ಮರ ಬೇಕು. ಇಷ್ಟು ಹೇಳಿ ಸುವರ್ಣಾ ಫೋನಿಟ್ಟಳು. ಹೇಳಬಾರದವನಿಗೆ ಹೇಳಿದೆ ಎಂಬುದು ಪಾಪ ಅವಳಿಗೆ ಗೊತ್ತಿರಲಿಲ್ಲ.

ಸುಭಾಸ ಉಕ್ಕಿನ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಅವನ ಜೇಬಿನಲ್ಲಿ ಸದಾ ಒಂದು ಹಳದಿ ಪೇಂಟ್ ಮಾರ್ಕರ್. ಅದರಿಂದ ಅವನು ಓಕೆ ಎಂದು ಗೀಚದ ಹೊರತು ಒಂದು ಕಾಯಿಲ್, ಅಂದರೆ ಉಕ್ಕಿನ ಸುರುಳಿಯೂ, ಗೇಟು ದಾಟುವ ಹಾಗಿಲ್ಲ. ಆ ಮಾರ್ಕರು ಅವನ ಕೊರಳಿಗೆ ಕಟ್ಟಿದ ಲಿಂಗಕ್ಕಿಂತ ಒಂದು ತೂಕ ಹೆಚ್ಚು. ಒಮ್ಮೆ ಮನೆಯಲ್ಲಿ ಹೊಸ ಕುಕ್ಕರಿನ ತಳಕ್ಕೂ ಓಕೆ ಬರೆದಿದ್ದ.

ಸಾಮಾನು ಸಾಗಿಸುವ ಕಂಟೇನರು ಅರ್ಧ ಖಾಲಿ ಹೋಗುತ್ತದೆ, ಮರವನ್ನು ಇಲ್ಲಿಂದಲೇ ಒಯ್ದರಾಯಿತು ಎಂದು ಅವನು ತೀರ್ಮಾನಿಸಿದ. ಒಂದು ಶನಿವಾರ ಎಲ್ಲರನ್ನೂ ಕಾರಿನಲ್ಲಿ ತುಂಬಿಕೊಂಡು ಮಸ್ಕತ್ತಿನ ಹತ್ತಿರದ ರುಸೈಲ್‌ಗೆ ಹೊರಟ. ಅಲ್ಲಿಯ ಮರದ ಯಾರ್ಡಿನಲ್ಲಿ ಉಳ್ಳಾಲದ ಶರ್ಫುದ್ದೀನ್ ಮ್ಯಾನೇಜರು. ಖುರುಮ್‌ನ ಹೋಟೆಲೊಂದರ ಕಡಲಂಚಿನ ಡೆಕ್‌ಗೆ ತರಿಸಿ ಮಿಕ್ಕ ಮರ ಅವನ ಹತ್ತಿರ ಬೇಕಾದಷ್ಟಿತ್ತು.

"ಇದು ಇಪೇ ಸರ್, ಬ್ರೆಜಿಲ್‌ದು. ಅದು ಕುಮಾರು, ಅದೂ ಅಲ್ಲಿಯದ್ದೇ. ಆಚೆ ಇರುದು ಬಂಗಿರಾಯ್, ಇಂಡೋನೇಶ್ಯದ್ದು. ಸಾಗವಾನಿ ನಿಮಗೆ ನಾನು ಹೇಳಬೇಕಾ?"

"ಹಿಮಕ್ಕ ಯಾವುದು ತಡೀತೈತಿ?" ಎಂದ ಸುಭಾಸ.

"ಸರ್, ಮಸ್ಕತ್ತಿನ ಬಿಸಿಲಿಗೆ ತಡೆದ ಮರ ನರಕಕ್ಕೆ ಹಾಕಿದ್ರೂ ತಡೀತದೆ."

"ನರಕ ಬಿಸಿ ಇರತೈತ್ರಿ. ನಾ ಕೇಳಿದ್ದು ಚಳಿ."

ಶರ್ಫುದ್ದೀನ್ ತಲೆ ಕೆರೆದುಕೊಂಡ. ಆಮೇಲೆ ಒಂದು ಬಕೆಟ್ಟಿನಲ್ಲಿ ನೀರು ತರಿಸಿ ಸಾಗವಾನಿಯ ತುಂಡೊಂದನ್ನು ಹಾಕಿದ, ತೇಲಿತು. ಇಪೇ ತುಂಡು ಹಾಕಿದ. ಕಲ್ಲಿನ ಹಾಗೆ ತಳ ಸೇರಿತು. "ಒಳಗೆ ಜಾಗವೇ ಇಲ್ಲ ಸರ್. ನೀರು ಹೋಗುದೆಲ್ಲಿಗೆ?"

ತ್ರಿವೇಣಿಗೆ ಅಷ್ಟು ಸಾಕಾಗಿತ್ತು. ಮರದೊಳಗೆ ಹೋದ ನೀರು ಹೆಪ್ಪುಗಟ್ಟಿ ಉಬ್ಬಿದಾಗಲೇ ಮರ ಸೀಳುವುದು. ನೀರೇ ಹೋಗದ ಮರಕ್ಕೆ ಹಿಮದ ಹೆದರಿಕೆ ಇಲ್ಲ. ಹಲಗೆಯ ನಡುವೆ ಕರಗಿದ ನೀರು ಇಳಿಯಲು ಸಂದು ಬಿಡಬೇಕು, ಮೊದಲೇ ತೂತು ಕೊರೆದು ತುಕ್ಕು ಹಿಡಿಯದ ಸ್ಕ್ರೂ ಹಾಕಬೇಕು, ಹಿಮ ಎತ್ತುವಾಗ ಕಬ್ಬಿಣದ ಸಲಿಕೆ ತಾಗಿಸಬಾರದು. ಇದನ್ನೆಲ್ಲ ಅವಳು ಆಗಲೇ ಓದಿಕೊಂಡಿದ್ದಳು.

"ಅಪ್ಪಾ, ದಟ್ಸ್ ರೇನ್‌ಫಾರೆಸ್ಟ್," ಎಂದಳು ಖುಷಿ, ಫೋನಿನಿಂದ ತಲೆ ಎತ್ತದೆ.

"ಹೋಟೆಲಿಗೆ ಬಂದು ಮಿಕ್ಕಿದ್ದು ಮಾರಾಯ್ತಿ, ಪುನಃ ಕಾಡಿಗೆ ಕಳಿಸ್ಲಿಕ್ಕೆ ಆಗ್ತದಾ?" ಎಂದ ಶರ್ಫುದ್ದೀನ್. ಮಗಳು ಯೋಚಿಸಿ, ಆಗುವುದಿಲ್ಲ ಎಂದು ಒಪ್ಪಿಕೊಂಡಳು.

"ಹಂಗಾರ ಇಪೇನ ಆತಲ್ರಿ," ಎಂದಳು ತ್ರಿವೇಣಿ.

ಸುಭಾಸ ಮಾರ್ಕರಿನ ಮುಚ್ಚಳ ತೆಗೆದ. ಹಲಗೆಯನ್ನು ನೋಡಿದ. ಮತ್ತೆ ಮುಚ್ಚಿದ. "ಟೆಸ್ಟ್ ಮಾಡದ ಮಟೀರಿಯಲ್ ನಾ ಒಪ್ಪಂಗಿಲ್ಲ," ಎಂದು ನಾಲ್ಕೂ ಜಾತಿಯ ಒಂದೊಂದು ಹಲಗೆಯನ್ನು ಕಾರಿನ ತಲೆಗೆ ಕಟ್ಟಿಸಿದ. ಬ್ರೆಜಿಲ್‌ನಲ್ಲಿ ಹುಟ್ಟಿ, ಒಮಾನಿನಲ್ಲಿ ಮಿಕ್ಕಿ, ಕೆನಡಾಕ್ಕೆ ಹೊರಟ ಮರಕ್ಕೆ ಸೊಹಾರಿನಲ್ಲಿ ಹೀಗೆ ಒಂದು ಪರೀಕ್ಷೆ ಬರೆಯುವ ಯೋಗ ಬಂತು.

ಪರೀಕ್ಷೆಗೆ ಚಳಿ ಬೇಕಲ್ಲ? ಸೊಹಾರಿನಲ್ಲಿ ಚಳಿ ಇದ್ದದ್ದು ಒಂದೇ ಕಡೆ, ಕ್ಲೇಟನ್‌ನ ಮೀನಿನ ಗೋದಾಮಿನಲ್ಲಿ. ಕುಂದಾಪುರದ ಕ್ಲೇಟನ್ ಕನ್ನಡ ಕೂಟದ ಗೆಳೆಯ; ಬಂದರಿನ ಹತ್ತಿರದ ಕೋಲ್ಡ್ ಸ್ಟೋರೇಜಿನ ಮೇಲ್ವಿಚಾರಕ. ಅಲ್ಲಿ ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಅಂಜಲ್ ಮೀನುಗಳು ಸೌದೆಯಂತೆ ಒಟ್ಟಿಕೊಂಡಿರುತ್ತವೆ. "ನಾಲ್ಕು ಹಲಗೆ ತಾನೆ, ಇಡುವ. ಮೀನಿಗೆ ಎಂತ ತೊಂದರೆ ಇಲ್ಲ," ಎಂದ ಕ್ಲೇಟನ್. ಮೀನಿನಿಂದ ಹಲಗೆಗೆ ಏನು ತೊಂದರೆ ಎಂದು ಯಾರೂ ಕೇಳಲಿಲ್ಲ.

ಸುಭಾಸನ ವಿಧಾನ ಸರಳವಾಗಿತ್ತು. ಹಲಗೆಗಳನ್ನು ನೀರಿನಲ್ಲಿ ನೆನೆಸಿ ಸಂಜೆ ಗೋದಾಮಿಗೆ ಕೊಡುವುದು, ಮರುದಿನ ತಂದು ಮನೆಯಂಗಳದ ಬಿಸಿಲಿನಲ್ಲಿ ಕರಗಿಸುವುದು, ಮತ್ತೆ ನೆನೆಸುವುದು, ಮತ್ತೆ ಕೊಡುವುದು. ಕೆನಡಾದ ವರ್ಷಗಳನ್ನೆಲ್ಲ ಒಂದು ಬೇಸಿಗೆಯಲ್ಲಿ ಅರೆದು ಕುಡಿಸುವ ಹುನ್ನಾರ. ಕೆಲವು ದಿನಗಳಲ್ಲೇ ಸಾಗವಾನಿ ಹಲಗೆ ಉದ್ದಕ್ಕೂ ಸೀಳು ಬಿಟ್ಟಿತು.

"ನೋಡು, ಚಳಿಗೆ ಫೇಲ್," ಎಂದು ಸುಭಾಸ ಜಂಬದಿಂದ ತೋರಿಸಿದ.

ತ್ರಿವೇಣಿ ಹಲಗೆಯನ್ನು ಮುಟ್ಟಿ ಕೈ ಹಿಂದೆಳೆದುಕೊಂಡಳು. ರೊಟ್ಟಿ ಬೇಯಿಸುವಷ್ಟು ಕಾದಿತ್ತು. "ರೀ, ಇದು ಸೀಳಿದ್ದು ಚಳಿಗಲ್ಲ. ನೀವು ಇದನ್ನ ಒದ್ದಿಮಾಡಿ ಐವತ್ತು ಡಿಗ್ರಿ ಬಿಸಿಲಿಗೆ ಹಾಕೀರಿ. ವಿನ್ನಿಪೆಗ್‌ನ್ಯಾಗ ಹಿಂತಾ ಬಿಸಿಲು ಎಲ್ಲೈತಿ?"

"ಥರ್ಮಲ್ ಶಾಕ್ ಅಂದ್ರ ಎರಡೂ ಕಡಿ ಬೇಕಾಗತೈತಿ."

"ಎತ್ತಿಗೆ ಜ್ವರ ಬಂದ್ರ ಎಮ್ಮಿಗಿ ಬರೆ ಹಾಕಿದಂಗಾತು."

ಸಾಗವಾನಿ ಡಿಬಾರಾಯಿತು. ಉಳಿದ ಮೂರು ಮುಂದಿನ ತರಗತಿಗೆ ಹೋದವು.

ಜುಲೈ ಹೊತ್ತಿಗೆ ಬೇರೆಯೇ ಒಂದು ಫಲಿತಾಂಶ ಹೊರಬಿತ್ತು. ಹಲಗೆಗಳಿಗೆ ಅಂಜಲ್ ಮೀನಿನ ವಾಸನೆ ಹತ್ತಿತು. ಬಿಸಿಲಿಗೆ ಹಾಕಿದರೆ ಸಾಕು, ಬೀದಿಯ ಬೆಕ್ಕುಗಳೆಲ್ಲ ಕಾಂಪೌಂಡು ಹಾರಿ ಬಂದು ಮದುವೆಯ ಪಂಕ್ತಿಯಲ್ಲಿ ಕೂತ ಹಾಗೆ ಸಾಲಾಗಿ ಕೂರುತ್ತಿದ್ದವು. ಮೊಟ್ಟೆ ಹಾಕಿದ ಕೇಕನ್ನು ಹೊಸಿಲು ದಾಟಲು ಬಿಡದ ಮನೆ ಅದು. ವಿಭೂತಿ ಹಚ್ಚಿದ ಹಣೆಯ ಗಂಗವ್ವ ಮೂಗಿಗೆ ಸೆರಗು ಹಿಡಿದು ಬೆಕ್ಕುಗಳನ್ನು ಬೈಯುತ್ತಿದ್ದಳು. ಎದುರಿನಿಂದ ಕುಂಞಾಲಿ ಮಲಯಾಳದಲ್ಲಿ ಅದೇ ಬೈಗುಳವನ್ನು ಮುಂದುವರಿಸುತ್ತಿದ್ದ.

"ಟಿಕೆಟ್ ಬುಕ್ ಮಾಡ್ಲಿ?" ಎಂದು ತ್ರಿವೇಣಿ ಕೇಳಿದಾಗಲೆಲ್ಲ ಸುಭಾಸ ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದ. ಹಲಗಿ ರಿಸಲ್ಟ್ ಬರಲಿ. ಅವ್ವನ ಪ್ರಶ್ನೆ. ಕಟ್ಟಿ ಸರಿ ಆಗಲಿಲ್ಲಂದ್ರ ಅವ್ವ ಬರಂಗಿಲ್ಲ, ಅವ್ವ ಬರಲಿಲ್ಲಂದ್ರ ನಾ ಹೆಂಗ ಬಿಟ್ಟು ಬರ್ಲಿ?

ತ್ರಿವೇಣಿಯ ಸಿಟ್ಟೆಲ್ಲ ಅತ್ತೆಯ ಕಡೆ ತಿರುಗಿತು. ತಾನು ಹಗಲು ನೀರು ಪರೀಕ್ಷಿಸಿ, ಸಂಜೆ ಪರೀಕ್ಷೆಗೆ ಓದಿ, ಗಳಿಸಿದ ಒಂದೇ ಒಂದು ಅವಕಾಶ ಮುದುಕಿಯೊಬ್ಬಳ ಕೂರುವ ಜಾಗಕ್ಕಾಗಿ ಹಾಳಾಗುತ್ತಿದೆ ಎಂದು ಅವಳಿಗೆ ಹೊಟ್ಟೆ ಉರಿಯಿತು. ಬಾಯಿಬಿಟ್ಟು ಜಗಳವಾಡಲಿಲ್ಲ. ರೊಟ್ಟಿಯನ್ನು ಸ್ವಲ್ಪ ಜೋರಾಗಿ ಬಡಿದಳು. "ಕೆಲವರಿಗೆ ಕಟ್ಟಿ ಇದ್ರ ಜಗತ್ತು ಐತಿ," ಎಂದು ಗ್ಯಾಸ್ ಒಲೆಗೆ ಹೇಳಿದಳು. ಗಂಗವ್ವನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಅವಳು ಎದ್ದು ತನ್ನ ಮೆಟ್ಟಿಲಿಗೆ ಹೋಗಿ ಕೂರುತ್ತಿದ್ದಳು.

ಆಗಸ್ಟ್ ಆರಂಭದಲ್ಲಿ ಕೆನಡಾದಿಂದ ಮನೆ ಕಟ್ಟುವವನು ಫೋನು ಮಾಡಿದ. ಈ ವಾರ ಹೇಳದಿದ್ದರೆ ಬರೀ ಎರಡು ಮೆಟ್ಟಿಲು ಕೂರಿಸಿ ಬಾಗಿಲು ಹಾಕಿಬಿಡುತ್ತೇನೆ, ಹಿಮ ಬೀಳಲು ಶುರುವಾದರೆ ಯಾರೂ ಹೊರಗೆ ಕೆಲಸ ಮಾಡುವುದಿಲ್ಲ ಎಂದ. ಆ ಶುಕ್ರವಾರ ಸುಭಾಸ ಮಧ್ಯಾಹ್ನದ ಊಟ ಮುಗಿಸಿ, ಉಳಿದ ಮೂರು ಹಲಗೆಗಳ ಕೊನೆಯ ಪರೀಕ್ಷೆ ಎಂದು ಹೊರಟಾಗ ಗಂಗವ್ವ ಚಪ್ಪಲಿ ಮೆಟ್ಟಿಕೊಂಡು ಕಾರಿನ ಹತ್ತಿರ ನಿಂತಿದ್ದಳು.

"ನಾನೂ ಬರ್ತೀನಿ."

"ಅವ್ವಾ, ಅಲ್ಲಿ ಮೀನ ಇರ್ತಾವು."

"ಕುಂದ್ರಾಕಿ ನಾನು. ಹಲಗಿ ಹೆಂಗೈತಿ ಅಂತ ನಾ ನೋಡಬ್ಯಾಡೇನು?"

ಇದೊಂದು ತಮಾಷೆ ತಪ್ಪಿಸಿಕೊಳ್ಳಬಾರದು ಎಂದು ತ್ರಿವೇಣಿಯೂ ಹತ್ತಿದಳು.

ಒದ್ದೆ ಹಲಗೆಗಳು ಕೆಲಸಗಾರರ ಕೈಯಲ್ಲಿ ಒಳಗೆ ಹೋದವು. ಅವು ಹೆಪ್ಪುಗಟ್ಟಲಿ ಎಂದು ಕಾಯುವಾಗ ಕ್ಲೇಟನ್ ಚಹಾ ತರಿಸಿದ. ಒಳಗಿನ ದೊಡ್ಡ ಬಾಗಿಲು, ಅದರಾಚೆ ಇಳಿಬಿಟ್ಟ ಪ್ಲಾಸ್ಟಿಕ್ ಪಟ್ಟಿಗಳ ಪರದೆ, ಪರದೆಯಿಂದ ಹೊಗೆಯಂತೆ ಹೊರಬರುವ ತಣ್ಣನೆಯ ಗಾಳಿ. ಗಂಗವ್ವ ಅದನ್ನೆಲ್ಲ, ಕೆಲಸಗಾರರು ತೊಟ್ಟ ದಪ್ಪ ಜಾಕೆಟ್ಟುಗಳನ್ನೂ ನೋಡಿ, "ನನಗೂ ಒಂದು ಅಂಗಿ ಕೊಡಪಾ," ಎಂದಳು.

"ಅಮ್ಮಾ, ಒಳಗೆ ಪೂರಾ ಮೀನು ಉಂಟು. ನಿಮಗೆ ಆಗುದಿಲ್ಲ."

"ಮೀನ ನನಗೇನ್ ಮಾಡ್ತಾವು? ಸತ್ತಾವಲ್ಲ."

ಕ್ಲೇಟನ್ ತ್ರಿವೇಣಿಯ ಮುಖ ನೋಡಿದ. ತ್ರಿವೇಣಿ ಸುಭಾಸನ ಮುಖ ನೋಡಿದಳು. ಅಷ್ಟರಲ್ಲಿ ಗಂಗವ್ವ ಗೂಟಕ್ಕೆ ನೇತುಹಾಕಿದ್ದ ದಪ್ಪ ಜಾಕೆಟ್ಟನ್ನು ಇಳಕಲ್ ಸೀರೆಯ ಮೇಲೆಯೇ ತೊಟ್ಟು, ಟೋಪಿ ಇಳಿಸಿಕೊಂಡು, ಕೆಲಸಗಾರರ ಬೂಟಿನೊಳಗೆ ಕಾಲು ತೂರಿಸಿ, ಪರದೆ ಸರಿಸಿ ಒಳಗೆ ಹೋಗಿಯೇಬಿಟ್ಟಳು. ಎರಡು ಮೀನಿನ ಕ್ರೇಟುಗಳ ಮೇಲೆ ಇಪೇ ಹಲಗೆ ಅಡ್ಡ ಹಾಕಿತ್ತು. ಅದರ ಮೇಲೆ ಬಿಳಿ ಮಂಜು ಕೂತಿತ್ತು. ಗಂಗವ್ವ ತೋಳಿನಿಂದ ಒಂದಿಷ್ಟು ಒರೆಸಿ, ಸೆರಗು ಸರಿಮಾಡಿಕೊಂಡು, ಗುಳೇದಗುಡ್ಡದ ಕಟ್ಟೆಯ ಮೇಲೆ ಕೂರುವ ಹಾಗೆಯೇ ಕೂತಳು. ಸುತ್ತ ಅಂಜಲ್ ಮೀನುಗಳು ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದವು.

"ಅಡ್ಡಿ ಇಲ್ಲ," ಎಂದು ಒಳಗಿನಿಂದ ದನಿ ಬಂತು. ಬಾಯಿಂದ ಬಂದ ಉಸಿರು ಬೆಳ್ಳಗೆ ಹರಡಿತು. "ಕಲ್ಲಿನಂಗ ಕೊರಿಯಂಗಿಲ್ಲ. ಸುಭಾಸಾ, ನೀನೂ ಬಾ. ಕುಂತು ನೋಡು."

"ನಾ ಇಲ್ಲಿಂದನ ನೋಡ್ತೀನಿ ಅವ್ವಾ. ಟೆಂಪರೇಚರ್ ಇಲ್ಲೇ ಕಾಣತೈತಿ," ಎಂದ ಸುಭಾಸ, ಬಾಗಿಲ ಮೇಲಿನ ಕೆಂಪು ಅಂಕಿ ತೋರಿಸುತ್ತ.

"ಇವರು ಯಾವಾಗಲೂ ಹಾಗೇ ಅಲ್ವಾ," ಎಂದು ಕ್ಲೇಟನ್ ನಕ್ಕ. ಅವನಿಗೆ ತಾನೇನು ಹೇಳುತ್ತಿದ್ದೇನೆ ಎಂಬ ಕಲ್ಪನೆ ಇರಲಿಲ್ಲ. "ಹಲಗೆ ನಮ್ಮವರ ಕೈಲಿ ಕೊಟ್ಟು ಇಲ್ಲೇ ನಿಲ್ತಾರೆ. ಇಷ್ಟು ದಿವಸದಲ್ಲಿ ಒಂದು ಸಲ ಸಹ ಒಳಗೆ ಹೋಗ್ಲಿಲ್ಲ ಮಾರಾಯ್ರೆ. ನಾನು ಕರೆದು ಕರೆದು ಸೋತೆ."

ತ್ರಿವೇಣಿ ಕೈಯಲ್ಲಿದ್ದ ಚಹಾದ ಲೋಟವನ್ನು ಮೇಜಿನ ಮೇಲಿಟ್ಟಳು. ಬೇಸಿಗೆಯುದ್ದಕ್ಕೂ ಚಳಿಯನ್ನು ಪರೀಕ್ಷಿಸುತ್ತೇನೆಂದು ಹೊರಟ ಮನುಷ್ಯ ಒಂದು ಸಲವೂ ಚಳಿಯೊಳಗೆ ಕಾಲಿಟ್ಟಿರಲಿಲ್ಲ. ಒದ್ದೆ ಹಲಗೆ, ಬಿಸಿಲು, ಬೆಕ್ಕು, ಥರ್ಮಲ್ ಶಾಕ್, ಅವ್ವನ ಕಟ್ಟೆ ಎಲ್ಲವೂ ಅವಳ ತಲೆಯಲ್ಲಿ ಒಂದೇ ಸಾಲಿಗೆ ಬಂದು ನಿಂತವು.

"ರೀ," ಎಂದಳು, "ನಿಮಗ ಹೋಗೂ ಮನಸ್ಸೈತೋ ಇಲ್ಲೋ?"

ಸುಭಾಸ ಕೆಂಪು ಅಂಕಿಯನ್ನೇ ನೋಡುತ್ತಿದ್ದ. ಅದು ಮೈನಸ್ ಹದಿನೆಂಟರಿಂದ ಕದಲಲಿಲ್ಲ. ಕ್ಲೇಟನ್‌ಗೆ ಇದ್ದಕ್ಕಿದ್ದಂತೆ ಲಾರಿ ಬಂದದ್ದು ನೆನಪಾಯಿತು, ಹೊರಗೆ ಹೋದ.

"ಇಲ್ಲ," ಎಂದ ಸುಭಾಸ. "ನನಗ ಹೋಗೂದು ಬ್ಯಾಡ."

"ಜೂನ್‌ನಿಂದ ಈ ಮಾತು ಎಲ್ಲಿ ಇಟ್ಟಿದ್ರಿ? ಮೀನಿನ ಬುಡಕೇನು?"

"ಹೆಂಗ ಹೇಳ್ಲಿ? ನೀ ಅಷ್ಟು ಓದಿ ಪಾಸಾದಿ. ಖುಷಿ ಕುಣದಾಡಿದ್ಲು." ಅವನ ದನಿ ಪ್ಲಾಸ್ಟಿಕ್ ಪರದೆಯ ಹಾಗೆ ಅಲ್ಲಾಡುತ್ತಿತ್ತು. "ಇಲ್ಲಿ ನಾ ಓಕೆ ಬರೀಲಿಲ್ಲಂದ್ರ ಒಂದು ಕಾಯಿಲ್ ಗೇಟ್ ದಾಟಂಗಿಲ್ಲ. ಅರಬರು ಸೈತ ಸುಭಾಸ್ ಸರ್ ಅಂತಾರು. ಅಲ್ಲಿ ಹೋದ್ರ ನಾ ಯಾರು? ನಮ್ಮ ಜೊತಿ ಇದ್ದ ಇಂಜಿನಿಯರ್ ಅಲ್ಲಿ ಹೋಗಿ ಮಾಲ್‌ನ್ಯಾಗ ಬಾಗಿಲಾ ಕಾಯಾಕತ್ಯಾನ. ನೀ ದಿನಾ ಕೆಲಸಕ್ಕ ಹೋಗ್ತಿ. ನಾ ಮನ್ಯಾಗ ಕುಂತು ಹಿಮಾ ಬಳೀತೀನಿ. ನನಗ ಹೆದರಿಕಿ ಆಗತೈತಿ, ತ್ರಿವೇಣಿ. ಸೊಲ್ಪ ಅಲ್ಲ, ಭಾಳ."

ತ್ರಿವೇಣಿಗೆ ಮೊದಲು ಬಂದದ್ದು ಸಿಟ್ಟು. ಅವನ ತಲೆಯ ಮೇಲೆ ಒಂದು ಅಂಜಲ್ ಮೀನು ಎತ್ತಿ ಬಡಿಯುವಷ್ಟು ಸಿಟ್ಟು. ಆಮೇಲೆ ನಾಚಿಕೆ ಬಂತು, ಒಂದಿಡೀ ಬೇಸಿಗೆ ಅತ್ತೆಯ ಮೇಲೆ ಬಡಿದ ರೊಟ್ಟಿಗಳೆಲ್ಲ ನೆನಪಾಗಿ. ಗಂಡನ ಮೇಲೆ ಕನಿಕರವೂ ಬಂತು. ಅದು ತಡವಾಗಿ ಬಂದರೂ ಬಂದು ಕೂತಿತು. ಇನ್ನೊಂದು ಜಾಕೆಟ್ಟು ತೊಟ್ಟು ಅವಳು ಒಳಗೆ ನಡೆದಳು. ಚಳಿ ಮೂಗಿನೊಳಗೆ ಸೂಜಿಯಂತೆ ಹೋಯಿತು. ಅತ್ತೆಯ ಪಕ್ಕದಲ್ಲಿ ಹಲಗೆಯ ಮೇಲೆ ಕೂತಳು.

"ಅತ್ತಿ, ನಿಮಗ ಇದು ಗೊತ್ತಿತ್ತೇನು?"

"ಹಡದಾಕಿ ಅದೀನಿ," ಎಂದಳು ಗಂಗವ್ವ. "ಸಣ್ಣವ ಇದ್ದಾಗ ಸಾಲಿಗೆ ಹೋಗು ಅಂದ್ರ ಪಾಟಿ ಒಡದೈತಿ, ಬಳಪ ಮೊಂಡ ಐತಿ ಅಂತಿದ್ದ. ಈಗ ಹಲಗಿ ಅಂತಾನ. ನನ್ನ ಕಟ್ಟಿ ಹೆಸರು ಹೇಳಾಕತ್ತಾನಲ್ಲ, ಎಲ್ಲಿ ಮಟಾ ಹೇಳ್ತಾನ ನೋಡೂಣು ಅಂತ ಸುಮ್ಮನಿದ್ದೆ."

ಗಂಗವ್ವ ಪರದೆಯ ಕಡೆ ತಿರುಗಿ ದನಿ ಎತ್ತರಿಸಿದಳು. "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ನೆಲ ನೆಟ್ಟಗೈತಪಾ. ಅದರ ಮ್ಯಾಲೆ ಈ ವಯಸ್ಸಿನ್ಯಾಗ ನಾ ಕುಂತೀನಿ. ನೀ ಬಂದು ಕುಂದ್ರು."

ಸುಭಾಸ ನಿಂತಲ್ಲೇ ನಿಂತಿದ್ದ.

"ನಾ ಇಲ್ಲಿಗೆ ಬಂದಾಗ ಯಾರಾಗಿದ್ನೋ?" ಎಂದಳು ಗಂಗವ್ವ. ಈಗ ದನಿಯಲ್ಲಿ ತಮಾಷೆ ಇರಲಿಲ್ಲ. "ಊರಾಗ ಸೂಲಗಿತ್ತಿಯಿಂದ ಹಿಡದು ಸ್ವಾಮಿ ತನಕಾ ನನ್ನ ಕಟ್ಟಿ ಮುಂದ ನಿಂತು ಮಾತಾಡಿಸಿ ಹೋಗ್ತಿದ್ರು. ಇಲ್ಲಿ ಬಂದು ಒಂದು ಅಕ್ಷರ ತಿಳೀಲಿಲ್ಲ. ಬಚ್ಚಲದಾಗ ನಿಂತು ಅತ್ತೀನಿ, ನಿನಗ ಗೊತ್ತಿಲ್ಲ. ಆಮ್ಯಾಲ ಮೆಟ್ಲ ಮ್ಯಾಲ ಹೋಗಿ ಕುಂತೆ. ಕುಂತ್ರ ಯಾರರ ಬರ್ತಾರು. ಕುಂದ್ರಲಿಲ್ಲಂದ್ರ ಯಾರೂ ಬರಂಗಿಲ್ಲ."

ತನ್ನ ಅತ್ತೆ ಅತ್ತದ್ದು ತ್ರಿವೇಣಿಗೂ ಗೊತ್ತಿರಲಿಲ್ಲ. ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಬಹಳ ಹೊತ್ತು ನಿಲ್ಲುತ್ತಾಳೆ, ನೀರು ದಂಡ ಎಂದು ತಾನು ಗೊಣಗಿದ್ದಷ್ಟೇ ಅವಳಿಗೆ ನೆನಪಿತ್ತು.

ಸುಭಾಸ ಪರದೆ ಸರಿಸಿದ. ಜಾಕೆಟ್ಟು ಹಾಕಿಕೊಳ್ಳಲೂ ಮರೆತು, ಬಿಸಿಲಿನಲ್ಲಿ ಹಲಗೆ ಹೊತ್ತು ಬೆವೆತ ಮೈಯಲ್ಲಿಯೇ ಒಳಗೆ ಬಂದ. ಹಲ್ಲು ಕಟಕಟ ಎನ್ನುತ್ತಿದ್ದವು. ಹಲಗೆಯ ಆಚೆ ತುದಿಯಲ್ಲಿ, ಮಂಜು ಒರೆಸದೆ ಬಿಟ್ಟ ಜಾಗದಲ್ಲಿ, ಕುಕ್ಕರಿಸಿದ. ಮೂರು ಜನರ ಭಾರಕ್ಕೆ ಇಪೇ ಹಲಗೆ ಕಿರುಗುಟ್ಟಲೂ ಇಲ್ಲ.

ಮೂವರೂ ಎದುರಿನ ಮೀನುಗಳನ್ನು ನೋಡಿದರು. ಮೀನುಗಳೂ ಇವರನ್ನು ನೋಡಿದವು.

"ಅಲ್ಲಿ ಇದಕ್ಕಿಂತ ಚಳಿ," ಎಂದ ಸುಭಾಸ. "ಮೈನಸ್ ಮೂವತ್ತು."

"ಗೊತ್ತೈತಿ," ಎಂದಳು ತ್ರಿವೇಣಿ.

"ನನ್ನ ಕೈಲೆ ಆಗಲಿಲ್ಲಂದ್ರ? ತಿರಗಿ ಬರಬಹುದೇನು?"

ಅವಳು ಯೋಚಿಸಿದಳು. ಸುಳ್ಳು ಹೇಳಿ ಕರೆದೊಯ್ಯುವ ಮನಸ್ಸು ಅವಳಿಗಿರಲಿಲ್ಲ. "ಬರ್ರಿ. ಯಾರು ಹಿಡೀತಾರು? ನಾವು ಮಾತ್ರ ಬರಂಗಿಲ್ಲ. ನಾವು ಅಲ್ಲೇ ಕಟ್ಟಿ ಮ್ಯಾಲೆ ಕುಂತಿರ್ತೀವಿ."

ಸುಭಾಸ ತಾಯಿಯ ಕಡೆ ನೋಡಿದ. ಗಂಗವ್ವ ಸೊಸೆಯ ಮಾತಿಗೆ ಹೂಂ ಎಂದು ತಲೆಯಾಡಿಸಿದಳು. ಆ ಮನೆಯಲ್ಲಿ ಅತ್ತೆ ಸೊಸೆ ಒಂದು ಮಾತಿಗೆ ಒಟ್ಟಿಗೆ ಹೂಂ ಎಂದದ್ದು ಅದೇ ಮೊದಲು. ಅದಕ್ಕೂ ಮೈನಸ್ ಹದಿನೆಂಟು ಡಿಗ್ರಿ ಬೇಕಾಗಿ ಬಂತು.

ಅವನು ಜೇಬಿನಿಂದ ಮಾರ್ಕರು ತೆಗೆದು, ತೊಡೆಯ ಪಕ್ಕದಲ್ಲಿ ಹಲಗೆಯ ಮೇಲೆ ಗೀಚಿದ. ಚಳಿಗೆ ಬಣ್ಣ ಇಳಿಯಲಿಲ್ಲ. ಕೊಡವಿದ, ಮತ್ತೆ ಗೀಚಿದ. ಹೊರಗೆ ಹೋಗಿ ಬರೆಯುತ್ತೇನೆ ಎಂದು ಅವನು ಬಾಯಿ ತೆರೆಯುವ ಮೊದಲೇ ತ್ರಿವೇಣಿ ಮಾರ್ಕರನ್ನು ಕಸಿದು ಜಾಕೆಟ್ಟಿನೊಳಗೆ, ತನ್ನ ಕಂಕುಳಲ್ಲಿ ಇಟ್ಟುಕೊಂಡಳು. ಮೂವರೂ ಕಾದರು. ಬೆಚ್ಚಗಾದ ಮೇಲೆ ಅವನ ಕೈಗೆ ಕೊಟ್ಟಳು. ಹಲಗೆಯ ಅಂಚಿನಲ್ಲಿ ಒಂದು ಸೊಟ್ಟ ಓಕೆ ಮೂಡಿತು.

"ನಡೀರಿ," ಎಂದು ಗಂಗವ್ವ ಎದ್ದಳು. "ಈ ಮೈಲಿಗಿ ತೊಳಕೊಳ್ಳಾಕ ಒಂದು ಟ್ಯಾಂಕರ್ ನೀರು ಬೇಕು."

ತ್ರಿವೇಣಿ ಎದ್ದಳು. ಸುಭಾಸ ಏಳಲಿಲ್ಲ. ಏಳಲು ನೋಡಿದ, ಆಗಲಿಲ್ಲ. ಬೆವರಿನಿಂದ ಒದ್ದೆಯಾಗಿದ್ದ ಪ್ಯಾಂಟು ಮಂಜಿನ ಹಲಗೆಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಲಾರಿಯ ಕೆಲಸ ಮುಗಿಸಿ ಬಂದ ಕ್ಲೇಟನ್ ಒಂದು ತೋಳು ಹಿಡಿದ, ತ್ರಿವೇಣಿ ಇನ್ನೊಂದು ಹಿಡಿದಳು. ಎಳೆದರು. ಪರ್ ಎಂದು ಸದ್ದಾಯಿತು. ಕ್ವಾಲಿಟಿ ಇನ್‌ಸ್ಪೆಕ್ಟರ್ ಎದ್ದು ನಿಂತ. ಅವನ ಹಿಂಭಾಗದ ಅಂಗೈಯಗಲದ ಬಟ್ಟೆ ಮಾತ್ರ ಹಲಗೆಯ ಮೇಲೆ ಕೂತೇ ಇತ್ತು.

"ಹಲಗೆ ಒಳ್ಳೇದುಂಟು," ಎಂದ ಕ್ಲೇಟನ್.

ಮನೆಗೆ ಬಂದು ಕಾರಿನಿಂದ ಇಳಿದಾಗ ಬೆಕ್ಕುಗಳು ಹಲಗೆಯನ್ನು ಬಿಟ್ಟು ಸುಭಾಸನ ಹಿಂದೆ ಬಂದವು. ಕುಂಞಾಲಿ ಅಂಗಡಿಯ ಬಾಗಿಲಿಗೆ ಬಂದು ನಿಂತು ನೋಡಿದ. ಗಂಗವ್ವ ತನ್ನ ಮೆಟ್ಟಿಲ ಮೇಲೆ ನಿಂತೇ, ಕನ್ನಡದಲ್ಲಿ, ನಡೆದದ್ದ‌ನ್ನೆಲ್ಲ ಅವನಿಗೆ ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಸುಭಾಸ ಕಾರಿನಲ್ಲಿದ್ದ ಕಾರ್ಖಾನೆಯ ಹೆಲ್ಮೆಟ್ಟನ್ನು ಹಿಂಭಾಗಕ್ಕೆ ಅಡ್ಡ ಹಿಡಿದು ಒಳಗೆ ಹೋಗಿ, ಸ್ನಾನಕ್ಕೂ ಮೊದಲು ಲ್ಯಾಪ್‌ಟಾಪ್ ತೆಗೆದು ನಾಲ್ಕು ಟಿಕೆಟ್ ಬುಕ್ ಮಾಡಿದ. ಆಮೇಲೆ ಮನೆ ಕಟ್ಟುವವನಿಗೆ ಮರದ ಹೆಸರು ತಿಳಿಸಿ, ಶರ್ಫುದ್ದೀನ್‌ಗೆ ಫೋನು ಮಾಡಿ, ಇದ್ದ ಇಪೇ ಪೂರ್ತಿ ನಮಗೇ ಇರಲಿ ಎಂದ.

ಕಂಟೇನರು ಸೊಹಾರ್ ಬಂದರಿನಿಂದ ಆ ತಿಂಗಳ ಕೊನೆಗೆ ಹೊರಟಿತು. ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಹಳದಿ ಓಕೆಯ ಪಕ್ಕ ಒಂದು ತುಂಡು ಬೂದು ಬಟ್ಟೆ ಇನ್ನೂ ಅಂಟಿಕೊಂಡಿತ್ತು. ಕೀಳಲು ತ್ರಿವೇಣಿ ಬಿಟ್ಟಿರಲಿಲ್ಲ. ಹೀಗೆ ಸುಭಾಸನ ಪ್ಯಾಂಟಿನ ಹಿಂಭಾಗ ಎಲ್ಲರಿಗಿಂತ ಮೊದಲು ಕೆನಡಾಕ್ಕೆ ಹೋಯಿತು. ಅವನ ಉಳಿದ ಭಾಗ ಅಕ್ಟೋಬರಿನಲ್ಲಿ, ಹೆಂಡತಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ವಿಮಾನ ಹತ್ತಿತು.